ಸೂಜಿ, ಮಸಿ, ಎಮ್ಮೆ ಮೂಳೆ: ಮಲೆನಾಡಿನಲ್ಲಿ ಕೂತು ಸ್ಕ್ರಿಮ್‌ಶಾ ಸಂಗ್ರಹಿಸುವವರಿಗೆ

ಶ್ರವಣಬೆಳಗೊಳದ ಜೈನ ಮಠದಲ್ಲಿ ಹಳೆಯ ಓಲೆಗರಿಗಳಿವೆ. ಓಲೆಗರಿ ಬರೆಯುವ ಕ್ರಮ ನಿಮಗೆ ಗೊತ್ತಿರಬಹುದು. ಮೊದಲು ಕಬ್ಬಿಣದ ಕಂಟದಿಂದ ಅಕ್ಷರ ಕೊರೆಯುತ್ತಾರೆ. ಆಗ ಹೆಚ್ಚೇನೂ ಕಾಣುವುದಿಲ್ಲ. ಆಮೇಲೆ ಮಸಿ ಸವರಿ ಒರೆಸುತ್ತಾರೆ. ಮೇಲಿನ ಮಸಿ ಹೋಗುತ್ತದೆ, ಗೆರೆಯೊಳಗೆ ಇಳಿದದ್ದು ನಿಲ್ಲುತ್ತದೆ. ಅಕ್ಷರ ಎದ್ದು ಬರುತ್ತದೆ. ಸ್ಕ್ರಿಮ್‌ಶಾ ಅಂದರೆ ಇದೇ ಕೆಲಸ. ಗರಿಯ ಜಾಗದಲ್ಲಿ ಹಲ್ಲು, ದಂತ, ಮೂಳೆ ಅಥವಾ ಕೊಂಬು ಇರುತ್ತದೆ, ಅಕ್ಷರದ ಜಾಗದಲ್ಲಿ ಚಿತ್ರ.

ಈ ಹೆಸರು ಬಂದದ್ದು 19ನೇ ಶತಮಾನದ ಅಮೆರಿಕದ ತಿಮಿಂಗಿಲ ಬೇಟೆಗಾರರಿಂದ. ನಾಂಟಕೆಟ್, ನ್ಯೂ ಬೆಡ್‌ಫರ್ಡ್ ಬಂದರುಗಳಿಂದ ಹೊರಟ ಹಡಗುಗಳು ವರ್ಷಗಟ್ಟಲೆ ಸಮುದ್ರದಲ್ಲೇ ಇರುತ್ತಿದ್ದವು. ಕೆಲಸವಿಲ್ಲದ ಹೊತ್ತಿನಲ್ಲಿ ನಾವಿಕರು ಸ್ಪರ್ಮ್ ತಿಮಿಂಗಿಲದ ಹಲ್ಲನ್ನು ಉಜ್ಜಿ ನುಣುಪು ಮಾಡಿ, ಹಾಯಿ ಹೊಲಿಯುವ ಸೂಜಿಯಿಂದ ಚಿತ್ರ ಕೊರೆದು, ದೀಪದ ಕಾಡಿಗೆ ತುಂಬುತ್ತಿದ್ದರು. ಫ್ರೆಡರಿಕ್ ಮೈರಿಕ್ ಎಂಬ ನಾವಿಕ 'ಸೂಸನ್' ಎಂಬ ಹಡಗಿನಲ್ಲಿ 1828-29ರಲ್ಲಿ ಕೊರೆದ ಹಲ್ಲುಗಳು ಇವತ್ತಿಗೂ ಪ್ರಸಿದ್ಧ. ಅಧ್ಯಕ್ಷ ಜಾನ್ ಕೆನಡಿ ಇಂಥ ಹಲ್ಲುಗಳನ್ನು ಸಂಗ್ರಹಿಸುತ್ತಿದ್ದರು. ಅವರಿಂದ ಈ ಹವ್ಯಾಸಕ್ಕೆ ಹೊಸ ಜೀವ ಬಂತು. 1972 ಮತ್ತು 1973ರಲ್ಲಿ ಅಮೆರಿಕದಲ್ಲಿ ಕಡಲ ಪ್ರಾಣಿಗಳನ್ನೂ ಅಳಿವಿನಂಚಿನ ಪ್ರಾಣಿಗಳನ್ನೂ ಕಾಯುವ ಕಾನೂನುಗಳು ಬಂದ ಮೇಲೆ ತಿಮಿಂಗಿಲದ ಹಲ್ಲು ಸಿಗುವುದು ಕಷ್ಟವಾಯಿತು. ಕಲಾವಿದರು ಹಳೆಯ ಪಿಯಾನೋ ಕೀಲಿಯ ಪಟ್ಟಿ, ಬಿಲಿಯರ್ಡ್ಸ್ ಚೆಂಡು, ಅಜ್ಜನ ಕಾಲದ ದಂತದ ತುಂಡು, ಸೈಬೀರಿಯಾದ ಮಂಜುನೆಲದಲ್ಲಿ ಸಿಗುವ ಮ್ಯಾಮತ್ ದಂತದ ಕಡೆ ತಿರುಗಿದರು. ಚಿತ್ರಗಳಲ್ಲಿ ಹಡಗು ಹೋಗಿ ಹುಲಿ, ಆನೆ, ತೋಳ, ಹದ್ದು ಬಂದವು.

ಹುಲಿಯ ಮುಖದ ಇಂಥ ಒಂದು ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಮೀಸೆಯ ಒಂದೊಂದು ಕೂದಲೂ ಇತ್ತು. ನನಗೂ ಒಂದು ಬೇಕು ಅನ್ನಿಸಿತು. ಚಿಕ್ಕಮಗಳೂರಿನಲ್ಲಿ ಕೂತು ಅದನ್ನು ಹೇಗೆ ಶುರುಮಾಡಬೇಕು ಅಂತ ಹೇಳುವವರು ಯಾರೂ ಇರಲಿಲ್ಲ. ಆ ಹುಡುಕಾಟದಲ್ಲಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ದಂತದ ಮಾತು ಮುಗಿಸೋಣ

ವಿದೇಶದ ಪುಸ್ತಕಗಳಲ್ಲಿ 'ಹಳೆಯ ದಂತದ ಮೇಲೆ ಹೊಸ ಚಿತ್ರ' ಅಂತ ಓದಿ ಆಸೆಪಡಬೇಡಿ. ನಮ್ಮ ದೇಶದಲ್ಲಿ ಹಳೆಯ ದಂತ, ಹೊಸ ದಂತ ಎಂಬ ಭೇದವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರ ನಿಲ್ಲಿಸಿತು. 1991ರ ತಿದ್ದುಪಡಿ ಆಫ್ರಿಕಾದಿಂದ ತಂದ ದಂತದ ವ್ಯಾಪಾರವನ್ನೂ ಮುಚ್ಚಿತು. ವ್ಯಾಪಾರಿಗಳು ಸುಪ್ರೀಂ ಕೋರ್ಟಿಗೆ ಹೋದರು. 2003ರಲ್ಲಿ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ, ಸಾವಿರಾರು ವರ್ಷ ಹಿಂದೆ ಅಳಿದುಹೋದ ಮ್ಯಾಮತ್‌ನ ದಂತಕ್ಕೂ ಈ ನಿಷೇಧ ಅನ್ವಯಿಸುತ್ತದೆ ಅಂತ ಹೇಳಿತು. ಹಾಗಾಗಿ 'ಇದು ಮ್ಯಾಮತ್ ಸಾರ್, ಪರವಾಗಿಲ್ಲ' ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ದಂತದ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ.

ಅಮೆರಿಕದಲ್ಲಿರುವ ಮಗ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಚಿಕ್ಕ ತುಂಡು ತಂದರೆ ಏನಾಗುತ್ತದೆ ಅಂತ ಸ್ನೇಹಿತರೊಬ್ಬರು ಕೇಳಿದರು. ಅದೂ ಅಪರಾಧವೇ. ಗಡಿ ದಾಟುವ ದಂತಕ್ಕೆ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ತಡೆಯಿದೆ. ತಿಮಿಂಗಿಲದ ಹಲ್ಲಿಗೂ ಅಷ್ಟೇ. ಅಮೆರಿಕ 2016ರಲ್ಲಿ ತನ್ನ ನಿಯಮ ಬಿಗಿ ಮಾಡಿತು. ಬ್ರಿಟನ್ನಿನ ದಂತ ಕಾಯ್ದೆ 2018ರಲ್ಲಿ ಆಗಿ 2022ರಲ್ಲಿ ಜಾರಿಗೆ ಬಂತು.

ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ದಂತ ಅಂದರೆ ಆನೆಯ ಹಲ್ಲು. ಅದರ ಸುಮಾರು ಮೂರನೇ ಒಂದು ಭಾಗ ತಲೆಬುರುಡೆಯೊಳಗೆ ಇರುತ್ತದೆ. ಪೂರ್ತಿ ದಂತ ಬೇಕೆಂದರೆ ಆನೆ ಸಾಯಬೇಕು. ನಮ್ಮ ಏಷ್ಯಾದ ಆನೆಗಳಲ್ಲಿ ಗಂಡಿಗೆ ಮಾತ್ರ ದೊಡ್ಡ ದಂತ. ಗಂಡಿನಲ್ಲೂ ಮಕ್ನಾ, ಅಂದರೆ ದಂತ ಬಾರದ ಗಂಡಾನೆ, ಆಗಿದ್ದರೆ ಅದೂ ಇಲ್ಲ. ಇನ್ನು 'ನೂರು ವರ್ಷ ಹಳೆಯದು' ಅನ್ನುವ ಮಾತನ್ನು ಕಣ್ಣಿನಿಂದ ನೋಡಿ ಪರೀಕ್ಷಿಸಲು ಆಗುವುದಿಲ್ಲ. ಹೊಸ ದಂತವನ್ನು ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಹಳೆಯ ಬಣ್ಣ ಬರಿಸುವುದು ಈ ವ್ಯಾಪಾರದಲ್ಲಿ ಹಳೆಯ ಉಪಾಯ. ಹಳೆಯದಕ್ಕೆ ಬೆಲೆ ಇರುವವರೆಗೆ ಹೊಸದು ಅದರ ಹೆಸರಿನಲ್ಲಿ ಬರುತ್ತಲೇ ಇರುತ್ತದೆ.

2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಾಡಿನಲ್ಲಿ ಕಾಡಾನೆಯೊಂದಿಗೆ ಹೋರಾಡುತ್ತಾ ಅರ್ಜುನ ಸತ್ತ. ಎಂಟು ವರ್ಷ ಮೈಸೂರು ದಸರಾದ ಅಂಬಾರಿ ಹೊತ್ತ ಆನೆ. ಆ ದಿನ ಹಾಸನ ಜಿಲ್ಲೆಯಲ್ಲಿ ಮನೆಯವರೇ ಹೋದ ಹಾಗೆ ಜನ ಅತ್ತಿದ್ದನ್ನು ನೋಡಿದ್ದೇನೆ. ತೋಟಕ್ಕೆ ಆನೆ ನುಗ್ಗಿ ಕಷ್ಟಪಡುವವರೂ ಅವರೇ. ಅಂಥ ಊರಿನಲ್ಲಿ ಆನೆಯ ಚಿತ್ರವನ್ನು ಆನೆಯ ಹಲ್ಲಿನ ಮೇಲೆ ಬರೆಸಿ ಗೋಡೆಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಮನೆಯಲ್ಲಿ ಹಳೆಯದು ಇದ್ದರೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಹಳೆಯ ಎಸ್ಟೇಟ್ ಬಂಗಲೆಗಳಲ್ಲಿ ಕಾಗದ ಕತ್ತರಿಸುವ ದಂತದ ಚಾಕು, ಬಿಲಿಯರ್ಡ್ಸ್ ಚೆಂಡು, ಕುಂಕುಮದ ಭರಣಿ ಇರುವುದುಂಟು. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪದಕದ ಪ್ರಕರಣ ಸುದ್ದಿಯಾದಾಗ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬೀರು ತೆಗೆದು ನೋಡಿದರು. ನಮ್ಮ ದೊಡ್ಡಮ್ಮನೂ ಫೋನ್ ಮಾಡಿ, 'ಮಾರಾಯ, ಆ ಬಿಳಿ ಭರಣಿ ಎಂಥದ್ದು ನೋಡು' ಅಂದರು. ನೋಡಿದೆ. ಮೂಳೆಯದು. ಹೇಗೆ ಗೊತ್ತಾಯಿತು ಅಂತ ಮುಂದೆ ಹೇಳುತ್ತೇನೆ.

ನಿಮ್ಮದು ದಂತವೇ ಆಗಿದ್ದರೆ ಮೊದಲು ಹುಡುಕಬೇಕಾದದ್ದು ಮುಖ್ಯ ವನ್ಯಜೀವಿ ಪರಿಪಾಲಕರು ಕೊಟ್ಟ ಮಾಲೀಕತ್ವದ ಪ್ರಮಾಣಪತ್ರ. ಅದು ಇದ್ದರೂ ಮಾರುವ ಹಾಗಿಲ್ಲ. ಪ್ರಮಾಣಪತ್ರವಿದ್ದವರಿಂದ ಪಿತ್ರಾರ್ಜಿತವಾಗಿ ಬಂದರೆ 90 ದಿನದೊಳಗೆ ಘೋಷಣೆ ಕೊಡಬೇಕು. ಇಟ್ಟುಕೊಳ್ಳಲು ಇಷ್ಟವಿಲ್ಲದಿದ್ದರೆ ಇಲಾಖೆಗೆ ಒಪ್ಪಿಸಬಹುದು, ಪರಿಹಾರ ಸಿಗುವುದಿಲ್ಲ. ಪ್ರಮಾಣಪತ್ರವೇ ಇಲ್ಲವೆಂದರೆ ವಕೀಲರೊಬ್ಬರ ಹತ್ತಿರ ಮೊದಲು ಮಾತಾಡಿ, ಅವರ ಮೂಲಕ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಬರೆದು ತಿಳಿಸಿ. ನೀವಾಗಿಯೇ ಕಾರಿನಲ್ಲಿಟ್ಟುಕೊಂಡು ಹೊರಡಬೇಡಿ. ಅದರ ಮೇಲೆ ಹೊಸದಾಗಿ ಚಿತ್ರ ಕೊರೆಸುವ ಯೋಚನೆಯನ್ನಂತೂ ಬಿಟ್ಟೇಬಿಡಿ.

ಜಿಂಕೆ, ಕಡವೆ ಕೊಂಬಿನ ಬಗ್ಗೆಯೂ ಒಂದು ಮಾತು. ಅವು ವರ್ಷಕ್ಕೊಮ್ಮೆ ತಾವಾಗಿ ಉದುರುತ್ತವೆ. ತೋಟದ ಅಂಚಿನಲ್ಲಿ ಸಿಕ್ಕಾಗ 'ಯಾರನ್ನೂ ಕೊಂದಿಲ್ಲವಲ್ಲ' ಅಂತ ಮನೆಗೆ ತರುತ್ತಾರೆ. ಉದುರಿದ ಕೊಂಬು ಕೂಡ ಸರ್ಕಾರದ ಸ್ವತ್ತೇ. ಇದ್ದಲ್ಲಿಯೇ ಬಿಟ್ಟು ಅರಣ್ಯ ಇಲಾಖೆಯವರಿಗೆ ಹೇಳಿ.

ಹಾಗಾದರೆ ಯಾವುದರ ಮೇಲೆ?

ಎಮ್ಮೆ ಮೂಳೆಯಿಂದ ಶುರುಮಾಡಿ. ಉತ್ತರ ಪ್ರದೇಶದ ಸಂಭಲ್‌ನಲ್ಲಿ ಕೊಂಬು ಮತ್ತು ಮೂಳೆಯ ಕುಶಲ ಕೆಲಸ ದೊಡ್ಡ ಕಸುಬು. ಚಾಕುವಿನ ಹಿಡಿಗೆ, ಗಿಟಾರಿಗೆ ಬೇಕಾದ ಮೂಳೆ ಪಟ್ಟಿಗಳನ್ನು ಕುದಿಸಿ, ಜಿಡ್ಡು ತೆಗೆದು, ಚಪ್ಪಟೆ ಮಾಡಿ ಮಾರುತ್ತಾರೆ. ಒಂಟೆ ಮೂಳೆ ಇನ್ನೂ ಬಿಳಿ, ದಪ್ಪ. ಬಿಲ್ಲಿನಲ್ಲಿ ಯಾವ ಪ್ರಾಣಿಯ ಮೂಳೆ ಅಂತ ಬರೆಸಿಕೊಳ್ಳಲೇಬೇಕು.

ಎಮ್ಮೆ ಕೊಂಬಿನ ಕಥೆ ಬೇರೆ. ಅದು ಕಪ್ಪು. ಆದ್ದರಿಂದ ಗೆರೆಗೆ ಬಿಳಿ ಬಣ್ಣ ತುಂಬುತ್ತಾರೆ. ರಾತ್ರಿಯ ದೃಶ್ಯಗಳಿಗೆ ಇದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ. ಬೆಳ್ದಿಂಗಳಲ್ಲಿ ನಿಂತ ಕಾಟಿಯ ಬೆನ್ನಿನ ಒಂದೇ ಗೆರೆ ಇರುವ ಕೊಂಬಿನ ತುಂಡು ನನ್ನ ಹತ್ತಿರ ಇದೆ. ಮನೆಗೆ ಬಂದವರೆಲ್ಲ ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತಾರೆ.

ಮೂಳೆಯೇ ಬೇಡ ಅನ್ನುವವರಿಗೆ ತಾಗುವಾ ಬೀಜವಿದೆ. ಇದು ಈಕ್ವೆಡಾರ್, ಕೊಲಂಬಿಯಾ ಕಡೆಯ ಒಂದು ತಾಳೆಯ ಬೀಜ. ನಮ್ಮ ಅಡಿಕೆ, ತೆಂಗಿನ ಕುಲದ್ದೇ. ಕೋಳಿಮೊಟ್ಟೆಯಷ್ಟು ದೊಡ್ಡದು. ಒಣಗಿದರೆ ಕಲ್ಲಿನಂತೆ ಗಟ್ಟಿ, ದಂತದಂತೆಯೇ ಬಿಳಿ. ಹಿಂದೆ ಕೋಟಿನ ಗುಂಡಿಗಳನ್ನು ಇದರಿಂದ ಮಾಡುತ್ತಿದ್ದರು. ನಡುವೆ ಪೊಳ್ಳು ಇರುವುದರಿಂದ ದೊಡ್ಡ ಚಿತ್ರಕ್ಕೆ ಆಗುವುದಿಲ್ಲ. ಒಂದು ಮಂಗಟ್ಟೆ ಹಕ್ಕಿಯ ತಲೆಗೆ ಸಾಕು.

ಒಂದು ತುಂಡು ನೀವೇ ಕೊರೆಯಿರಿ

ಕೊಳ್ಳುವ ಮೊದಲು ಇದನ್ನು ಮಾಡಿ. ಚೆನ್ನಾಗಿ ಬರಬೇಕಾಗಿಲ್ಲ. ನಿಮ್ಮ ಕೈಗೆ ಕಷ್ಟ ಗೊತ್ತಾದರೆ ಕಣ್ಣಿಗೆ ಬೆಲೆ ಗೊತ್ತಾಗುತ್ತದೆ.

ಒಂದು ಮೂಳೆ ಪಟ್ಟಿ ತಗೊಳ್ಳಿ. ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, 400ನೇ ನಂಬರಿನಿಂದ ಶುರುಮಾಡಿ, 600, 1000, 1500 ಅಂತ ಏರುತ್ತಾ ಒದ್ದೆ ಮಾಡಿಕೊಂಡು ಉಜ್ಜಿ. ಒಣಗಿಸಿ ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿಯೇ ಕೂರಿ. ಗಾಜಿನ ಹಾಗೆ ಹೊಳೆಯುವವರೆಗೆ ಬಿಡಬೇಡಿ. ಉಳಿದ ಪ್ರತಿ ಗೀರಿಗೂ ಆಮೇಲೆ ಮಸಿ ಹಿಡಿಯುತ್ತದೆ. ಚೆನ್ನಾಗಿ ಒಣಗಿದ ಮೇಲೆ ತೆಳುವಾಗಿ ಮೇಣ ಸವರಿ, ಬಟ್ಟೆಯಿಂದ ತಿಕ್ಕಿ. ಮೂಳೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಮೇಣ ಅವನ್ನು ಮುಚ್ಚದಿದ್ದರೆ ಮಸಿ ಎಲ್ಲೆಂದರಲ್ಲಿ ಹರಡುತ್ತದೆ. ನನ್ನ ಮೊದಲ ಕೆಂಜಳಿಲು ಹಾಳಾದದ್ದು ಹೀಗೆ.

ಪೆನ್ಸಿಲಿನಲ್ಲಿ ಚಿತ್ರದ ಅಂಚು ಬರೆದುಕೊಳ್ಳಿ. ದಪ್ಪ ಹೊಲಿಗೆ ಸೂಜಿಯನ್ನು ಪಿನ್ ವೈಸ್‌ಗೆ (ಸೂಜಿ ಕಚ್ಚಿ ಹಿಡಿಯುವ ಚಿಕ್ಕ ಕೈಹಿಡಿ) ಸಿಕ್ಕಿಸಿ, ಒಂದೊಂದೇ ಚುಕ್ಕಿ ಒತ್ತಿ. ಹಚ್ಚೆ ಹಾಕುವವರ ಕೈ ನೆನಪಿಸಿಕೊಳ್ಳಿ. ಕತ್ತಲೆ ಬೇಕಾದ ಕಡೆ ಚುಕ್ಕಿ ಒತ್ತೊತ್ತಾಗಿ, ಬೆಳಕಿನ ಕಡೆ ವಿರಳವಾಗಿ. ಕೂದಲಿಗೆ ಮಾತ್ರ ಸಣ್ಣ ಗೆರೆ ಎಳೆಯಿರಿ. ಆಗಾಗ ಇಂಡಿಯನ್ ಇಂಕ್ ಸವರಿ, ಒರೆಸಿ, ನೋಡಿ, ಮುಂದುವರಿಸಿ. ಒಂದು ಕಣ್ಣು ಮುಗಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ತಪ್ಪಿದರೆ ಅಳಿಸಲು ರಬ್ಬರ್ ಇಲ್ಲ. ಆ ಪದರವನ್ನೇ ಉಜ್ಜಿ ತೆಗೆಯಬೇಕು.

ಕಣ್ಣು ಪಳಗಿಸುವುದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್ ಕೊಳ್ಳಿ. ಚಿನ್ನದಂಗಡಿಯವರು ಕಣ್ಣಿಗೆ ಹಿಡಿಯುವ ಮಸೂರ. ನನ್ನ ಕೈಯಲ್ಲಿ ಇದಕ್ಕಿಂತ ಹೆಚ್ಚು ಕೆಲಸ ಮಾಡಿದ ಸಾಮಾನು ಇಲ್ಲ.

ಮೊದಲು ವಸ್ತು ನೋಡಿ. ಮೂಳೆಯ ಮೈಮೇಲೆ ಲೂಪ್ ಹಿಡಿದರೆ ಸಣ್ಣ ಕಪ್ಪು ಚುಕ್ಕಿಗಳೋ ಚಿಕ್ಕ ಗೀಟುಗಳೋ ಕಾಣುತ್ತವೆ. ಜೀವವಿದ್ದಾಗ ರಕ್ತನಾಳ ಹೋಗುತ್ತಿದ್ದ ಕಾಲುವೆಗಳು ಅವು. ದೊಡ್ಡಮ್ಮನ ಭರಣಿಯಲ್ಲಿ ಕಂಡದ್ದು ಇವೇ. ದಂತದಲ್ಲಿ ಇವು ಇರುವುದಿಲ್ಲ. ದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಒಂದರ ಮೇಲೊಂದು ಹಾಯುವ ಬಾಗಿದ ಗೆರೆಗಳ ಬಲೆ ಕಾಣುತ್ತದೆ. ಅವಕ್ಕೆ ಶ್ರೆಗರ್ ಗೆರೆ ಅನ್ನುತ್ತಾರೆ. ಹೊರ ಅಂಚಿನ ಹತ್ತಿರ ಆ ಗೆರೆಗಳು ಸೇರುವ ಕೋನ ಆನೆಯಲ್ಲಿ ಅಗಲ, ಸಾಮಾನ್ಯವಾಗಿ 115 ಡಿಗ್ರಿಗಿಂತ ಜಾಸ್ತಿ. ಮ್ಯಾಮತ್‌ನಲ್ಲಿ 90ಕ್ಕಿಂತ ಕಡಿಮೆ. 'ಮೂಳೆ' ಅಂತ ಹೇಳಿ ಯಾರಾದರೂ ತೋರಿಸಿದ ತುಂಡಿನಲ್ಲಿ ಈ ಬಲೆ ಕಂಡರೆ ಅಗ್ಗ ಅಂತ ಮನಸ್ಸು ಸೋಲಬಾರದು, ಬೇಡ ಅಂತ ಹಿಂದಿರುಗಿಸಿ.

ಆಮೇಲೆ ರೆಸಿನ್. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಹಲ್ಲುಗಳು, ಮೂಳೆ ಪಟ್ಟಿಗಳು ಬೇಕಾದಷ್ಟಿವೆ. ಕೆನ್ನೆಗೆ ತಾಗಿಸಿದರೆ ನಿಜವಾದ ಮೂಳೆ ತಣ್ಣಗಿರುತ್ತದೆ, ರೆಸಿನ್ ಬೆಚ್ಚಗಿರುತ್ತದೆ. ಲೂಪಿನಲ್ಲಿ ಗಾಳಿಗುಳ್ಳೆ, ಅಚ್ಚು ಕೂಡಿದ ಗೆರೆ ಕಾಣಬಹುದು. ಎಲ್ಲ ಗೆರೆಗಳ ಆಳವೂ ಒಂದೇ ಇರುತ್ತದೆ. ಮನುಷ್ಯನ ಕೈ ಎಂದೂ ಹಾಗೆ ಒಂದೇ ಸಮ ಒತ್ತುವುದಿಲ್ಲ. ಆನ್‌ಲೈನಿನಲ್ಲಿ ಫೋಟೋ ನೋಡಿ ಒಂದು ಚಿರತೆ ತರಿಸಿದ್ದೆ. ಪೊಟ್ಟಣ ಬಿಚ್ಚಿ ಕೆನ್ನೆಗೆ ಹಿಡಿದಾಗಲೇ ಗೊತ್ತಾಯಿತು. ಹಣ ಹಿಂದೆ ಬರಲಿಲ್ಲ. ಅಂದಿನಿಂದ, ಓರೆ ಬೆಳಕಿನಲ್ಲಿ ಹತ್ತಿರದಿಂದ ತೆಗೆದ ಫೋಟೋ ಕಳಿಸದವರ ಹತ್ತಿರ ಕೊಳ್ಳುವುದಿಲ್ಲ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಮಾತ್ರ ಬೇಡ, ಒಳ್ಳೆಯ ತುಂಡಿಗೆ ಶಾಶ್ವತ ಕಲೆ ಬೀಳುತ್ತದೆ.

ಈಗ ಲೇಸರ್ ಕೆಲಸವೂ ಬಂದಿದೆ. ಲೂಪಿನಲ್ಲಿ ಚುಕ್ಕಿಗಳು ಸಾಲಾಗಿ, ಅಳತೆ ಪಟ್ಟಿ ಇಟ್ಟ ಹಾಗೆ ಕಂಡರೆ, ಅಂಚು ಸುಟ್ಟು ಕಂದಾಗಿದ್ದರೆ ಅದು ಯಂತ್ರದ್ದು. ಬರೀ ಮುದ್ರಿಸಿದ್ದಾದರೆ ಉಗುರಿಗೆ ಏನೂ ತಾಗುವುದಿಲ್ಲ.

ಕೊನೆಗೆ ಪ್ರಾಣಿಯನ್ನು ನೋಡಿ. ಇಲ್ಲಿ ನಮಗೆ ಯಾವ ವಿದೇಶಿ ಸಂಗ್ರಾಹಕರಿಗೂ ಇಲ್ಲದ ಅನುಕೂಲವಿದೆ. ಮುತ್ತೋಡಿಯಲ್ಲಿ ಕಾಟಿ ನೋಡಿ ಬೆಳೆದವರಿಗೆ ಅದರ ಬೆನ್ನಿನ ದಿಬ್ಬ ಎಲ್ಲಿ ಮುಗಿಯುತ್ತದೆ, ಮೊಣಕಾಲಿನ ಕೆಳಗಿನ ಬಿಳಿ ಎಲ್ಲಿ ಶುರುವಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆನೆ ಚಿತ್ರ ಬಂದರೆ ಮೊದಲು ಕಿವಿ ನೋಡಿ. ಹೆಗಲು ಮುಚ್ಚುವಷ್ಟು ದೊಡ್ಡ ಕಿವಿ ಆಫ್ರಿಕಾದ್ದು. ನಮ್ಮ ಆನೆಯ ಕಿವಿ ಚಿಕ್ಕದು, ನೆತ್ತಿಯಲ್ಲಿ ಎರಡು ಉಬ್ಬು, ಬೆನ್ನು ಮೇಲಕ್ಕೆ ಬಾಗಿದ್ದು. ಸೊಂಡಿಲ ತುದಿಯಲ್ಲಿ ನಮ್ಮದಕ್ಕೆ ಒಂದೇ ಬೆರಳು, ಆಫ್ರಿಕಾದ್ದಕ್ಕೆ ಎರಡು. ಕಿವಿ ಆಫ್ರಿಕಾದ್ದು, ತಲೆ ನಮ್ಮದು ಇರುವ ಚಿತ್ರಗಳೂ ಮಾರಾಟಕ್ಕಿವೆ! ಎರಡು ಫೋಟೋ ಸೇರಿಸಿ ಬರೆದವರು, ಆನೆ ನೋಡದವರು.

ಇನ್ನೊಂದು ಪಾಠಶಾಲೆ ನಮ್ಮ ಪಕ್ಕದಲ್ಲೇ ಇದೆ. ಬೇಲೂರು, ಹಳೇಬೀಡಿಗೆ ಹೋದಾಗ ಗೋಡೆಯ ಕೆಳಸಾಲಿನ ಆನೆಗಳನ್ನು ನಿಧಾನವಾಗಿ ನೋಡಿ. ಬಳಪದ ಕಲ್ಲು ಮೆದು, ಅದಕ್ಕೇ ಅಷ್ಟು ಸೂಕ್ಷ್ಮ ಗೆರೆ ಸಾಧ್ಯವಾಯಿತು. ಸರಪಳಿ ಎಲ್ಲಿ ಸಡಿಲ, ಸೊಂಡಿಲು ಎಲ್ಲಿ ಬಿಗಿ ಅಂತ ಶಿಲ್ಪಿ ಎಷ್ಟು ಕಡಿಮೆ ಗೆರೆಯಲ್ಲಿ ಹೇಳಿದ್ದಾನೆ ನೋಡಿ. ಆ ಕಣ್ಣು ಇಟ್ಟುಕೊಂಡು ಮೂಳೆ ತುಂಡಿನ ಮುಂದೆ ಕೂತರೆ, ಸುಮ್ನೆ ಚುಕ್ಕಿ ತುಂಬಿದ ಕೆಲಸ ಯಾವುದು, ತಿಳಿದು ಬಿಟ್ಟ ಜಾಗ ಯಾವುದು ಅಂತ ಗೊತ್ತಾಗುತ್ತದೆ. ದಂತದ ಹಳೆಯ ಕೆಲಸ ನೋಡಲೇಬೇಕು ಅನ್ನಿಸಿದರೆ ಮೈಸೂರು ಅರಮನೆಯಲ್ಲಿ ದಂತ ಕೂರಿಸಿದ ಬೀಟೆಮರದ ಬಾಗಿಲಿದೆ. ದಂತ ನಿಂತ ಮೇಲೆ ಮೈಸೂರಿನ ಕುಸುರಿ ಕೆಲಸದವರು ಬೇರೆ ಬೇರೆ ಬಣ್ಣದ ಮರಗಳಿಂದ ಅದೇ ಕಲೆ ಮುಂದುವರಿಸಿದರು. ಕೈಚಳಕಕ್ಕೆ ಅದರಿಂದ ಏನೂ ಕೊರತೆಯಾಗಿಲ್ಲ.

ಬರೆಸುವುದು

ಸಿದ್ಧ ಚಿತ್ರ ಕೊಳ್ಳುವುದಕ್ಕಿಂತ ಹೇಳಿ ಬರೆಸುವುದು ನನಗೆ ಇಷ್ಟ. ನಿಮ್ಮದೇ ಫೋಟೋ ಕೊಡಿ, ಬೇರೆಯವರದಾದರೆ ಅವರನ್ನು ಕೇಳಿ ಕೊಡಿ. ಅಂಗೈಗಿಂತ ಚಿಕ್ಕ ಅಳತೆ ಹೇಳಿ. ಮೂರು ಹಂತದಲ್ಲಿ ಫೋಟೋ ಕೇಳಿ: ಅಂಚು ಬರೆದಾಗ, ಅರ್ಧ ಚುಕ್ಕಿ ತುಂಬಿದಾಗ, ಮುಗಿದಾಗ. ಹಣವನ್ನೂ ಹಾಗೇ ಮೂರು ಕಂತಿನಲ್ಲಿ ಕೊಡಿ. ಅವಸರ ಮಾಡಬೇಡಿ, ವಾರಗಟ್ಟಲೆ ಹಿಡಿಯುವ ಕೆಲಸ ಇದು. ಹಿಂಬದಿಯಲ್ಲಿ ಕಲಾವಿದರ ಸಹಿ, ವರ್ಷ, ವಸ್ತುವಿನ ಹೆಸರು ಕೊರೆಸಿ. 'ಎಮ್ಮೆ ಮೂಳೆ' ಎಂಬ ಆ ಎರಡು ಪದ ಮುಂದೆ ನಿಮ್ಮ ಮಕ್ಕಳನ್ನು ಎಷ್ಟೋ ಪ್ರಶ್ನೆಗಳಿಂದ ಕಾಪಾಡುತ್ತದೆ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಚಪ್ಪಲಿಗೂ ಬೂಷ್ಟು ಬರುತ್ತದೆ. ಮೂಳೆಯನ್ನು ಬಿಡುತ್ತದೆಯೇ? ಮೂಳೆ, ಕೊಂಬು ಎರಡೂ ತೇವ ಹೀರಿ ಹಿಗ್ಗುತ್ತವೆ, ಒಣಗಿ ಕುಗ್ಗುತ್ತವೆ. ಈ ಹಿಗ್ಗು ಕುಗ್ಗು ಬೇಗ ಬೇಗ ಆದರೆ ಸೀಳು ಬೀಳುತ್ತದೆ. ಆದ್ದರಿಂದ ಒದ್ದೆಯಾಗಿದೆ ಅಂತ ಬಿಸಿಲಿಗೆ ಇಡುವುದು, ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡವೇ ಬೇಡ.

ನಾನು ಮಾಡುವುದು ಇಷ್ಟು. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಿಳಿ ಹತ್ತಿ ಬಟ್ಟೆ, ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ, ತೇವ ತೋರಿಸುವ ಚಿಕ್ಕ ಮೀಟರ್. ಮುಳ್ಳು ಶೇಕಡ 50ರ ಆಸುಪಾಸು ಇದ್ದರೆ ನೆಮ್ಮದಿ. ಜೆಲ್ ಜಾಸ್ತಿ ಹಾಕಿ ತೀರಾ ಒಣಗಿಸಬೇಡಿ. ಬಣ್ಣದ ಬಟ್ಟೆ, ಪೇಪರ್, ರಬ್ಬರ್ ಬ್ಯಾಂಡ್ ತಾಗಿದರೆ ಕಲೆಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ಬೂಷ್ಟು ಕಂಡರೆ ಒಣ ಮೆದು ಬ್ರಷ್‌ನಿಂದ ಮನೆ ಹೊರಗೆ ನಿಂತು ಒರೆಸಿ. ನಿಂಬೆಹಣ್ಣು, ಹುಣಸೆ, ವಿನೆಗರ್ ಹತ್ತಿರಕ್ಕೂ ತರಬೇಡಿ. ಹಿತ್ತಾಳೆಗೆ ಆಗುವ ಹುಳಿ ಮೂಳೆಯ ಸುಣ್ಣವನ್ನು ಕರಗಿಸಿಬಿಡುತ್ತದೆ. ನೀರಿನಲ್ಲಿ ತೊಳೆಯುವುದೂ ಬೇಡ.

ಗೋಡೆಗೆ ಹಾಕುವುದಾದರೆ ಹೊರಗೋಡೆಗೆ ಬೇಡ, ಮಳೆಗೆ ಅದು ತಣ್ಣಗೆ ಬೆವರುತ್ತದೆ. ಕಪ್ಪು ಇಂಡಿಯನ್ ಇಂಕ್ ಇಂಗಾಲದ್ದು, ಬಹಳ ಕಾಲ ನಿಲ್ಲುತ್ತದೆ. ಬಣ್ಣದ ಮಸಿ ಮಾತ್ರ ಬೆಳಕಿಗೆ ಮಾಸುತ್ತದೆ.

ಒಂದು ನೋಟ್‌ಬುಕ್

ಪ್ರತಿ ತುಂಡಿಗೂ ಒಂದು ಪುಟ ಇಡಿ. ಯಾವ ವಸ್ತು, ಎಲ್ಲಿಂದ ಬಂತು, ಯಾರು ಕೊರೆದರು, ಎಷ್ಟು ಕೊಟ್ಟೆ, ಯಾವ ಫೋಟೋ ನೋಡಿ ಬರೆದದ್ದು, ಬಿಲ್ಲು ಎಲ್ಲಿದೆ. ಎರಡು ಬದಿಯ ಫೋಟೋ ಅಂಟಿಸಿ. ಬಿಲ್ಲಿನ ಮಸಿ ವರ್ಷದೊಳಗೆ ಹಾರಿಹೋಗುತ್ತದೆ, ಜೆರಾಕ್ಸ್ ಮಾಡಿಸಿ ಇಡಿ.

ನನ್ನ ನೋಟ್‌ಬುಕ್ಕಿನಲ್ಲಿ ಈಗ ಹದಿನಾಲ್ಕನೇ ಪುಟ ನಡೆಯುತ್ತಿದೆ. ಒಂಟೆ ಮೂಳೆ, ಮೂರು ಇಂಚು ಅಗಲ. ಚಿತ್ರ ಅರ್ಜುನನದು, ಅಂಬಾರಿ ಇಲ್ಲದೆ, ಬರೀ ಮೈ. ಅಂಚು ಬರೆದ ಫೋಟೋ ಕಳೆದ ವಾರ ಬಂತು. ನೆತ್ತಿಯ ಉಬ್ಬು ಇನ್ನೂ ಸ್ವಲ್ಪ ಎತ್ತರ ಇರಬೇಕು ಅಂತ ತಿದ್ದಿ ಕಳಿಸಿದ್ದೇನೆ.